ಮನೆಯವರ ಮನಸ್ಸು ಹತೋಟಿ ತಪ್ಪಿದಾಗ ಪೊಲೀಸರನ್ನು ಕರೆಯುವುದು ಹೇಗೆ? ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಇಂಥ ಹೊತ್ತಲ್ಲಿ ಸ್ಟೇಷನ್‌ಗೆ ಫೋನ್ ಮಾಡುವ ಮನೆಯವರು ಹೆಚ್ಚಾಗಿ ಹೇಳುವ ಮಾತು ಒಂದೇ: "ಸಾರ್, ಗಲಾಟೆ ಮಾಡ್ತಿದ್ದಾನೆ. ಬಂದು ಸ್ವಲ್ಪ ಹೆದರಿಸಿ ಹೋಗಿ." ಪೊಲೀಸರು ಬರುತ್ತಾರೆ, ಗದರುತ್ತಾರೆ, "ಬೆಳಗ್ಗೆ ಸ್ಟೇಷನ್‌ಗೆ ಬಾ" ಎಂದು ಹೇಳಿ ಜೀಪು ಹತ್ತುತ್ತಾರೆ. ಗಡಿ ತಕರಾರಿಗೋ ಕುಡಿತದ ಜಗಳಕ್ಕೋ ಅದು ಸಾಕಾಗಬಹುದು. ಆದರೆ ಯಾರೂ ಇಲ್ಲದ ಕಡೆ ಬೈಗುಳ ಕೇಳಿಸುತ್ತಿರುವ ಹುಡುಗನಿಗೆ ಇದರಿಂದ ಏನು ಉಪಯೋಗ? ಅನ್ನದಲ್ಲಿ ವಿಷ ಬೆರೆಸಿದ್ದಾರೆ ಎಂದು ನಂಬಿ ಮೂರು ದಿನದಿಂದ ಊಟ ಬಿಟ್ಟ ಹೆಂಗಸಿಗೆ? ಅವರ ಭಯ ಇನ್ನಷ್ಟು ಜಾಸ್ತಿ ಆಗುತ್ತದೆ. ಜೀಪು ಹೋದ ಮೇಲೆ ಮನೆಯವರ ಮೇಲಿನ ಸಂಶಯವೂ ಜಾಸ್ತಿ ಆಗುತ್ತದೆ.

ಹಾಗಾಗಿ ಫೋನಿನಲ್ಲಿ ಹೇಳಬೇಕಾದ್ದು ಇದು: "ಆಸ್ಪತ್ರೆಗೆ ಸೇರಿಸಲು ಸಹಾಯ ಬೇಕು." 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಕೆಲಸವನ್ನು ಪೊಲೀಸರಿಗೇ ಒಪ್ಪಿಸಿದೆ. ಅದು ಜಾರಿಗೆ ಬಂದಿದ್ದು 2018ರ ಮೇ ತಿಂಗಳಲ್ಲಿ. ನಮ್ಮ ಎಷ್ಟೋ ಮನೆಗಳಿಗೆ ಇದು ಗೊತ್ತಿಲ್ಲ. ಕೆಲವೊಮ್ಮೆ ರಾತ್ರಿ ಡ್ಯೂಟಿಯಲ್ಲಿರುವ ಪೇದೆಗೂ ನೆನಪಿರುವುದಿಲ್ಲ. ನಿಮಗೆ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಇದು ಮನಸ್ಸಿನ ಕಾಯಿಲೆಯೇ ಹೌದಾ?

ಫೋನ್ ಎತ್ತುವ ಮೊದಲು, ಒಂದೆರಡು ನಿಮಿಷ ಸಿಕ್ಕಿದರೆ, ಇದನ್ನು ಯೋಚಿಸಿ. ನಿನ್ನೆ ಮೊನ್ನೆವರೆಗೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಿದ್ದಾರಾ? ಹೊತ್ತು ಗೊತ್ತಾಗುತ್ತಿಲ್ಲವಾ, ಮನೆಯವರ ಗುರುತು ಸಿಗುತ್ತಿಲ್ಲವಾ? ಹಾಗಿದ್ದರೆ ಮೈ ಮುಟ್ಟಿ ನೋಡಿ. ಜ್ವರ ಮಿದುಳಿಗೆ ಏರಿದರೂ ಹೀಗಾಗುತ್ತದೆ. ನಮ್ಮ ಕಡೆ ಮಂಗನ ಕಾಯಿಲೆಯೂ ನೆನಪಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ ಅದು. ಕೆಲವರಿಗೆ ಮೊದಲ ಜ್ವರ ಬಿಟ್ಟು, ವಾರ ಹತ್ತು ದಿನದ ನಂತರ ಮತ್ತೆ ಜ್ವರ ಬರುತ್ತದೆ. ಆಗ ವಿಪರೀತ ತಲೆನೋವು, ನಡುಕ, ಬುದ್ಧಿ ಮಸುಕಾಗುವುದು ಎಲ್ಲ ಇರಬಹುದು. ಬೇಸಿಗೆಯಲ್ಲಿ ದರಗು (ಒಣ ಎಲೆ) ಗುಡಿಸಲು ಕಾಡಿಗೆ ಹೋಗಿ ಬಂದವರಾದರೆ ಡಾಕ್ಟರಿಗೆ ಇದನ್ನು ಮೊದಲೇ ಹೇಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ಬಿಟ್ಟವರೂ ಸಿಟ್ಟು ಮಾಡುತ್ತಾರೆ, ಬಡಬಡಿಸುತ್ತಾರೆ. ಪ್ರಜ್ಞೆ ಇದ್ದು ನುಂಗಲು ಆಗುತ್ತಿದ್ದರೆ ಸಕ್ಕರೆ ನೀರು ಕೊಡಿ. ತಲೆಗೆ ಪೆಟ್ಟು ಬಿದ್ದಿತ್ತಾ ಎಂದೂ ನೆನಪು ಮಾಡಿಕೊಳ್ಳಿ.

ಕುಡಿತದ್ದು ಬೇರೆಯೇ ಕಥೆ. ವರ್ಷಗಟ್ಟಲೆ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಕ್ಕೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹಾರುತ್ತದೆ. ಆಮೇಲೆ ಗೋಡೆ ತುಂಬ ಹುಳ ಕಾಣುತ್ತವೆ, ಯಾರೋ ಹೊಡೆಯಲು ಬಂದ ಹಾಗಾಗುತ್ತದೆ. ಅಯ್ಯಪ್ಪನ ಮಾಲೆ ಹಾಕಿದ ಮೂರನೇ ದಿನಕ್ಕೆ ಹೀಗಾದರೆ ಊರವರು ಸ್ವಾಮಿ ಮುನಿದ ಎನ್ನುತ್ತಾರೆ, ಮಂತ್ರ ಹಾಕಿಸಲು ಓಡುತ್ತಾರೆ. ಇದರಲ್ಲಿ ಜೀವ ಹೋಗುವ ಅಪಾಯ ಇದೆ, ಡ್ರಿಪ್ ಮತ್ತು ಔಷಧಿ ಕೂಡಲೇ ಬೇಕು. ಪೊಲೀಸರಿಗಿಂತ ಮೊದಲು 108ಕ್ಕೆ ಕರೆ ಮಾಡಿ.

ಅಂಗಳ, ಕೊಟ್ಟಿಗೆ, ಬಾವಿ

ಪೇಟೆಯ ಮನೆಗೂ ತೋಟದ ಮನೆಗೂ ಇರುವ ವ್ಯತ್ಯಾಸ ಇಲ್ಲಿದೆ. ನಮ್ಮ ಮನೆಗಳಲ್ಲಿ ಕೈಗೆ ಸಿಗುವ ಅಪಾಯ ಜಾಸ್ತಿ. ಜಗಲಿಯ ಮೂಲೆಯಲ್ಲಿ ಕತ್ತಿ, ಕೊಟ್ಟಿಗೆಯಲ್ಲಿ ಹಾರೆ, ಕೊಡಲಿ. ಅಡಿಕೆಗೆ ಹೊಡೆಯಲು ತಂದ ಮೈಲುತುತ್ತ, ಅರ್ಧ ಉಳಿದ ಕಳೆನಾಶಕದ ಬಾಟಲಿ. ಅಂಗಳದಲ್ಲೇ ಬಾವಿ. ಆವೇಶ ಏರುತ್ತಿದೆ ಎಂದು ಅನಿಸಿದ ಕೂಡಲೇ, ಗಲಾಟೆ ಶುರುವಾಗುವ ಮೊದಲೇ, ಇವನ್ನು ಸದ್ದಿಲ್ಲದೆ ಬೇರೆ ಕಡೆ ಸಾಗಿಸಿ. ಅವರ ಕಣ್ಣೆದುರೇ ಕತ್ತಿ ಎತ್ತಿಕೊಂಡು ಓಡಬೇಡಿ. ನೀವೇ ಹೊಡೆಯಲು ಬಂದಿರಿ ಎಂದು ಅವರಿಗೆ ಅನಿಸಬಹುದು. ಕತ್ತಿ ಆಗಲೇ ಅವರ ಕೈಯಲ್ಲಿದ್ದರೆ ಕಸಿದುಕೊಳ್ಳುವ ಧೈರ್ಯ ಬೇಡ. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೊರಗೆ ಹೋಗಿ. ಬಾಗಿಲು ಹಾಕಿಕೊಂಡು ಒಳಗೆ ಕೂರುವುದಕ್ಕಿಂತ ಪಕ್ಕದ ಮನೆಗೆ ಹೋಗುವುದು ಒಳ್ಳೆಯದು.

ಬೆಳೆ ಕಾಯಲು ಲೈಸೆನ್ಸ್ ಇರುವ ಬಂದೂಕು ಇದೆಯಾ? ಚುನಾವಣೆ ಬಂದಾಗ ಎಲ್ಲರೂ ಸ್ಟೇಷನ್‌ಗೆ ಕೊಟ್ಟು ಬರುತ್ತಾರಲ್ಲ, ಹಾಗೆಯೇ ಈಗಲೂ ಒಪ್ಪಿಸಿ ರಸೀದಿ ಪಡೆಯಬಹುದು. ಮನೆಯಲ್ಲಿ ಒಬ್ಬರಿಗೆ ಇಂಥ ಕಾಯಿಲೆ ಇದೆ ಎಂದು ಗೊತ್ತಾದ ದಿನವೇ ಇದನ್ನು ಮಾಡಬೇಕು. ಮಂಗ, ಕಾಡುಹಂದಿ ಅಂತ ನೆಪ ಹೇಳುತ್ತಾ ಕೂರುವ ವಿಷಯ ಇದಲ್ಲ.

ಮಾತಾಡುವುದು ಒಬ್ಬರೇ ಇರಲಿ. ಅವರಿಗೆ ಇಷ್ಟವಾದ ಅತ್ತಿಗೆಯೋ ಚಿಕ್ಕಪ್ಪನೋ ಯಾರಾದರೂ ಸರಿ. ನಾಲ್ಕೈದು ಜನ ಸುತ್ತ ನಿಂತು ಒಟ್ಟಿಗೇ ಬುದ್ಧಿ ಹೇಳಿದರೆ ಮುಗಿಯಿತು. ಸಣ್ಣ ದನಿ, ಸಣ್ಣ ಮಾತು. "ಯಾರೂ ವಿಷ ಹಾಕಿಲ್ಲ, ನಿಂಗೇ ಹುಚ್ಚು" ಎಂದು ವಾದಕ್ಕೆ ಇಳಿಯಬೇಡಿ. ಹಾಗಂತ "ಹೌದು, ಹಾಕಿದ್ದಾರೆ" ಎಂದು ತಲೆಯಾಡಿಸುವುದೂ ಬೇಡ. "ನಿಂಗೆ ತುಂಬ ಹೆದರಿಕೆ ಆಗ್ತಿದೆ ಅಲ್ವಾ? ನಾನು ಇಲ್ಲೇ ಇರ್ತೀನಿ ಮಾರಾಯ" ಅನ್ನಿ, ಸಾಕು. ಕೈಯಳತೆಗಿಂತ ದೂರದಲ್ಲಿ, ಪಕ್ಕಕ್ಕೆ ತಿರುಗಿ ನಿಲ್ಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅವರಿಗೂ ನಿಮಗೂ ಹೊರಗೆ ಹೋಗುವ ದಾರಿ ಇರಲಿ. ಟಿವಿ ಆರಿಸಿ. ಮೊಬೈಲಿನಲ್ಲಿ ವಿಡಿಯೋ ಮಾಡುವ ಪಕ್ಕದ ಮನೆ ಹುಡುಗನನ್ನು ಮೊದಲು ಆಚೆ ಕಳಿಸಿ.

ವಿಷ ಕುಡಿದಿದ್ದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಜೊತೆಗೇ ತೆಗೆದುಕೊಂಡು ನೇರ ಆಸ್ಪತ್ರೆಗೆ ನಡೆಯಿರಿ. "ಕೇಸ್ ಆಗುತ್ತೆ" ಎಂದು ಹೆದರಿ ಎಷ್ಟೋ ಮನೆಗಳಲ್ಲಿ ಗಂಟೆಗಟ್ಟಲೆ ತಡ ಮಾಡುತ್ತಾರೆ, ಅದೇ ಜೀವಕ್ಕೆ ಮುಳುವಾಗುತ್ತದೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಈ ಕಾಯ್ದೆಯ ಸೆಕ್ಷನ್ 115 ಭಾವಿಸುತ್ತದೆ. ಅಲ್ಲ ಎಂದು ಸಾಬೀತಾಗದ ಹೊರತು ಶಿಕ್ಷೆ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ. ಅಷ್ಟಕ್ಕೇ ಗಾಬರಿ ಬೇಡ.

ಯಾವ ನಂಬರ್, ಏನು ಮಾತು

ಕೈಯಲ್ಲಿ ಆಯುಧ ಇಲ್ಲ, ಯಾರಿಗೂ ಪೆಟ್ಟು ಆಗಿಲ್ಲ, ಆದರೆ ಏನು ಮಾಡಬೇಕೆಂದು ತೋಚುತ್ತಿಲ್ಲ ಎಂದಾದರೆ 14416. ಇದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ರೋಗಿಯೇ ಮಾತಾಡಬೇಕೆಂದಿಲ್ಲ, ಮನೆಯವರೂ ಕೇಳಬಹುದು.

ಯಾರಿಗಾದರೂ ಪೆಟ್ಟಾಗುವ ಹಾಗಿದ್ದರೆ ಪೊಲೀಸರಿಗೆ 112. ಆಂಬ್ಯುಲೆನ್ಸ್‌ಗೆ 108. ಎರಡಕ್ಕೂ ಕರೆ ಮಾಡಿ, ಎರಡೂ ಕಡೆ "ಇನ್ನೊಬ್ಬರಿಗೂ ಹೇಳಿದ್ದೇವೆ" ಎನ್ನಿ. ಕತ್ತಿ ಹಿಡಿದವರನ್ನು ಹತ್ತಿಸಿಕೊಳ್ಳಲು ಆಂಬ್ಯುಲೆನ್ಸ್‌ನವರಿಗೆ ಪೊಲೀಸರು ಬೇಕು, ದಾರಿಯುದ್ದಕ್ಕೂ ರೋಗಿಯನ್ನು ನೋಡಿಕೊಳ್ಳಲು ಪೊಲೀಸರಿಗೆ ಆಂಬ್ಯುಲೆನ್ಸ್ ಬೇಕು.

112ರಲ್ಲಿ ಹೀಗೆ ಹೇಳಿ ನೋಡಿ:

"ನನ್ನ ತಮ್ಮನಿಗೆ ಮಾನಸಿಕ ಕಾಯಿಲೆ ಇದೆ. ಮೂರು ತಿಂಗಳಿಂದ ಮಾತ್ರೆ ಬಿಟ್ಟಿದ್ದಾನೆ. ಕತ್ತಿ ಹಿಡ್ಕೊಂಡು ಅಂಗಳದಲ್ಲಿ ನಿಂತಿದ್ದಾನೆ. ಕುಡಿದಿಲ್ಲ. ಮನೇಲಿ ಬಂದೂಕು ಇಲ್ಲ. ಅಮ್ಮ ಮತ್ತು ಮಕ್ಕಳು ಪಕ್ಕದ ಮನೆಗೆ ಹೋಗಿದ್ದಾರೆ. ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಸಹಾಯ ಬೇಕು. ದಯವಿಟ್ಟು ಸೈರನ್ ಹಾಕದೆ ಬನ್ನಿ."

ಇದರಲ್ಲಿ ಒಂದೊಂದಕ್ಕೂ ಕಾರಣ ಇದೆ. ಕಾಯಿಲೆ ಎಂದು ಮೊದಲೇ ಕೇಳಿಸಿಕೊಂಡ ಪೊಲೀಸ್ ಬೇರೆ ಮನಸ್ಸಿನಲ್ಲಿ ಬರುತ್ತಾನೆ. ಆಯುಧದ ವಿಷಯ ಮುಚ್ಚಿಟ್ಟರೆ, ಬಂದವರು ಕಣ್ಣಾರೆ ಕಂಡು ಗಾಬರಿಯಾದಾಗ ಲಾಠಿ ಬೀಸುವ ಸಂಭವ ಜಾಸ್ತಿ. ಅದೇ ರೀತಿ, ಬೇಗ ಬರಲಿ ಎಂದು "ಕೊಲೆ ಮಾಡ್ತಿದ್ದಾನೆ" ಅಂತೆಲ್ಲ ಉಬ್ಬಿಸಬೇಡಿ. ಸಾಧ್ಯವಾದರೆ ಮಫ್ತಿಯಲ್ಲಿ ಬರಲು ಕೇಳಿ. ರೋಗಿ ಹೆಂಗಸಾಗಿದ್ದರೆ ಮಹಿಳಾ ಸಿಬ್ಬಂದಿ ಬೇಕೆಂದು ಆಗಲೇ ಹೇಳಿಬಿಡಿ, ಆಮೇಲೆ ಕರೆಸಲು ಇನ್ನೊಂದು ಗಂಟೆ ಹೋಗುತ್ತದೆ.

ದಾರಿ ಹೇಳುವುದಕ್ಕೂ ಒಂದು ಕ್ರಮ ಇದೆ. ಆಗುಂಬೆ ಕಡೆಯ ಒಂಟಿ ಮನೆಗೆ ಮೊಬೈಲ್ ಮ್ಯಾಪು ನಂಬಿ ಬಂದವರು ಯಾವುದೋ ತೋಟದೊಳಗೆ ಸಿಕ್ಕಿಹಾಕಿಕೊಂಡಿರುತ್ತಾರೆ. ಬಸ್ ಸ್ಟಾಪು, ಶಾಲೆ, ಹಾಲಿನ ಡೈರಿ ಎಂದು ಗುರುತು ಹೇಳಿ. ಮಳೆಗಾಲದಲ್ಲಿ ಮನೆವರೆಗೆ ಜೀಪು ಬರುತ್ತದಾ, ಅಥವಾ ಸಂಕ (ಕಾಲುಸೇತುವೆ) ದಾಟಿ ನಡೆಯಬೇಕಾ ಎಂಬುದನ್ನೂ ತಿಳಿಸಿ. ಒಬ್ಬರನ್ನು ಟಾರ್ಚ್ ಕೊಟ್ಟು ರಸ್ತೆಗೆ ಕಳಿಸಿ. ದಾರಿಗೆ ಅಡ್ಡ ಹಾಕಿದ ಉಣುಗೋಲು ತೆಗೆದಿಡಿ. ನಾಯಿ ಕಟ್ಟಿ. ಒಳಗೆ ನೆಟ್‌ವರ್ಕ್ ಸಿಗದ ಮನೆಯಾದರೆ ಫೋನ್ ಮಾಡುವವರು ಗುಡ್ಡ ಹತ್ತಿದ ಮೇಲೆ ಅಲ್ಲೇ ಇರಲಿ, ವಾಪಸ್ ಕರೆ ಬರುತ್ತದೆ.

ಜೀಪು ಬಂದ ಮೇಲೆ

ಅವರನ್ನು ನೇರ ಒಳಗೆ ಕರೆದುಕೊಂಡು ಹೋಗಬೇಡಿ. ರಸ್ತೆಯಲ್ಲೇ ಎರಡು ನಿಮಿಷ ಮಾತಾಡಿ. ಹೆಸರೇನು, ಮನೆಯಲ್ಲಿ ಏನೆಂದು ಕರೆಯುತ್ತಾರೆ, ಯಾವುದಕ್ಕೆ ಸಿಟ್ಟು ಬರುತ್ತದೆ, ಯಾರ ಮಾತು ಕೇಳುತ್ತಾರೆ, ಕಿವಿ ಮಂದವಾ, ಫಿಟ್ಸ್ ಇದೆಯಾ, ಇಷ್ಟು ಹೇಳಿ. ಹಳೆಯ ಔಷಧಿ ಚೀಟಿ ತೋರಿಸಿ.

ಇಲ್ಲೊಂದು ವಿಚಿತ್ರ ಆಗುತ್ತದೆ, ಇದಕ್ಕೆ ತಯಾರಿರಿ. ಅಲ್ಲಿಯವರೆಗೆ ಹಂಚು ಹಾರಿಹೋಗುವ ಹಾಗೆ ಕೂಗಾಡುತ್ತಿದ್ದವರು ಪೊಲೀಸರನ್ನು ಕಂಡ ಕೂಡಲೇ ತಣ್ಣಗಾಗುತ್ತಾರೆ. "ಬನ್ನಿ ಸಾರ್, ಕಾಫಿ ಕುಡೀರಿ" ಎನ್ನುತ್ತಾರೆ. ಪೇದೆ ನಿಮ್ಮ ಕಡೆ ತಿರುಗಿ "ಚೆನ್ನಾಗೇ ಇದ್ದಾರಲ್ರೀ, ಆಸ್ತಿ ಜಗಳನಾ?" ಎಂದು ಕೇಳುತ್ತಾರೆ. ಕಾಯಿಲೆ ಜೋರಾಗಿದ್ದರೂ ಹತ್ತು ಇಪ್ಪತ್ತು ನಿಮಿಷ ತಡೆದುಕೊಳ್ಳುವವರು ಇದ್ದಾರೆ. ಆಗ ನೀವು ಸಿಟ್ಟು ಮಾಡಿದರೆ ನೀವೇ ಜಗಳಗಂಟರಾಗಿ ಕಾಣುತ್ತೀರಿ. ಆ ವಾರ ಏನೇನಾಯಿತು ಎಂದು ತಾರೀಕು ಸಮೇತ ಬರೆದಿಟ್ಟ ಒಂದು ಹಾಳೆ ಇದ್ದರೆ ಅದನ್ನು ಕೊಡಿ. ಊಟ ಬಿಟ್ಟದ್ದು, ನಿದ್ದೆ ಇಲ್ಲದ್ದು, ಒಡೆದದ್ದು, ಹೊಡೆದದ್ದು. "ಕಾಯಿಲೆ ಹೌದೋ ಅಲ್ಲವೋ ಡಾಕ್ಟರ್ ಹೇಳಲಿ ಸಾರ್, ಅಲ್ಲಿವರೆಗೆ ಕರ್ಕೊಂಡು ಹೋಗೋಣ" ಎಂದು ಕೇಳಿ.

ಕಾನೂನು ಹೇಳುವುದೂ ಅದನ್ನೇ. ಕಾಯ್ದೆಯ ಸೆಕ್ಷನ್ 100ರ ಪ್ರಕಾರ, ಮಾನಸಿಕ ಕಾಯಿಲೆಯಿಂದ ಒಬ್ಬರು ತಮಗೋ ಬೇರೆಯವರಿಗೋ ಅಪಾಯ ಮಾಡಬಹುದು ಎಂದು ನಂಬಲು ಕಾರಣ ಇದ್ದರೆ, ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಯಾಕೆ ಕರೆದೊಯ್ಯುತ್ತಿದ್ದೇವೆ ಎಂದು ರೋಗಿಗೆ ಹೇಳಬೇಕು. ಅವರಿಗೆ ಅರ್ಥವಾಗದಿದ್ದರೆ ಅವರ ಪರ ಇರುವವರಿಗೆ ಹೇಳಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಿ ಇಡುವಂತಿಲ್ಲ. "ರಾತ್ರಿ ಇಲ್ಲೇ ಇರಲಿ, ಬೆಳಗ್ಗೆ ನೋಡೋಣ" ಎಂದರೆ ಒಪ್ಪಬೇಡಿ. ಒಳ್ಳೆಯ ಮಾತಲ್ಲೇ ಹೇಳಿ, ಆದರೆ ಬಿಡಬೇಡಿ. ಇನ್ನು, ಮಾನಸಿಕ ಕಾಯಿಲೆ ಇರುವವರಿಗೆ ಸರಪಳಿ ಹಾಕುವುದನ್ನು ಸೆಕ್ಷನ್ 95 ಪೂರ್ತಿ ನಿಷೇಧಿಸಿದೆ. ಮನೆಯ ಕಂಬಕ್ಕೆ ದನದ ಹಗ್ಗದಲ್ಲಿ ಕಟ್ಟಿ ಪೊಲೀಸರಿಗೆ ಕಾಯುವ ಮನೆಗಳೂ ಇವೆ. ಕೈಗೆ ರಕ್ತ ಓಡದೆ ಬಾವು ಬಂದೀತು, ಉಸಿರು ಕಟ್ಟೀತು. ಆ ದಾರಿ ಹಿಡಿಯಬೇಡಿ.

"ಪೇಟೆಗೆ ಹೋಗಿ ಬರೋಣ ಬಾ" ಎಂದು ಸುಳ್ಳು ಹೇಳಿ ಹತ್ತಿಸುವ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಆ ಹೊತ್ತಿಗೆ ಸಲೀಸು ನಿಜ. ಮುಂದಿನ ಸಲ ಮಾತ್ರೆ ಕೊಟ್ಟಾಗ ಅವರು ನಿಮ್ಮ ಕೈ ನಂಬುವುದಿಲ್ಲ. "ನಿದ್ದೆ ಇಲ್ದೆ ಸುಸ್ತಾಗಿದ್ದೀಯ, ಡಾಕ್ಟರಿಗೆ ತೋರಿಸೋಣ" ಎನ್ನುವುದು ಸುಳ್ಳೂ ಅಲ್ಲ, ಜಗಳಕ್ಕೆ ಕಾರಣವೂ ಆಗುವುದಿಲ್ಲ.

ಆಸ್ಪತ್ರೆಯಲ್ಲಿ

ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಕೂಡ ಮೊದಲ ಚಿಕಿತ್ಸೆ ಕೊಡಬಹುದು. ಜೀವಕ್ಕೆ ಅಪಾಯ, ತನಗೆ ಅಥವಾ ಬೇರೆಯವರಿಗೆ ದೊಡ್ಡ ಪೆಟ್ಟು ಮಾಡುವ ಅಪಾಯ ಇದ್ದಾಗ ನೋಂದಾಯಿತ ವೈದ್ಯರು ಯಾರೇ ಆದರೂ ತುರ್ತು ಚಿಕಿತ್ಸೆ ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ. ಇದಕ್ಕೆ 72 ಗಂಟೆಯ ಮಿತಿ. ಜೊತೆಯಲ್ಲಿ ನೀವಿದ್ದರೆ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಅಲ್ಲಿ ಮೆಡಿಕಲ್ ಕಾಲೇಜು ಇರುವುದರಿಂದ ಮನೋವೈದ್ಯ ವಿಭಾಗ ಇದೆ. ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್, ಸಾಗರದಿಂದ ಸುಮಾರು 70. ಕುಡಿಯಲು ನೀರು, ಎರಡು ಜೊತೆ ಬಟ್ಟೆ, ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆ ಜೊತೆಗಿರಲಿ. ಬಿಪಿ, ಸಕ್ಕರೆ ಮಾತ್ರೆಯನ್ನೂ ಸೇರಿಸಿ.

ರೋಗಿ ಒಪ್ಪದಿದ್ದರೂ ಸೇರಿಸಬೇಕಾದರೆ ಅವರ ಪ್ರತಿನಿಧಿ, ಅಂದರೆ ಅವರ ಪರವಾಗಿ ಮಾತಾಡುವವರು, ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞ ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಮೊದಲ ಸಲಕ್ಕೆ 30 ದಿನದವರೆಗೆ ಇಟ್ಟುಕೊಳ್ಳಬಹುದು. ಸೇರಿಸುವಷ್ಟು ಕಾಯಿಲೆ ಇಲ್ಲ ಎಂದು ವೈದ್ಯರು ಹೇಳಿದರೆ ಪೊಲೀಸರೇ ಮನೆಗೆ ಬಿಡಬೇಕು.

ಪೆಟ್ಟು ತಿನ್ನುತ್ತಿರುವುದು ನೀವಾದರೆ

ಇದನ್ನು ನಿಧಾನವಾಗಿ ಓದಿ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹಳಷ್ಟು ಮಂದಿ ಯಾರ ಮೇಲೂ ಕೈ ಎತ್ತುವುದಿಲ್ಲ. ಹೊಡೆಯುವ ಗಂಡಸರಲ್ಲಿ ಎಷ್ಟೋ ಮಂದಿಗೆ ಯಾವ ಕಾಯಿಲೆಯೂ ಇಲ್ಲ. ಪೇಟೆಯಲ್ಲಿ ಸಾಹುಕಾರರ ಮುಂದೆ ಕೈಕಟ್ಟಿ ನಿಂತು, ಮನೆಗೆ ಬಂದು ಹೆಂಡತಿಯ ಮೇಲೆ ಮಾತ್ರ ಹತೋಟಿ ತಪ್ಪುವವನದ್ದು ಕಾಯಿಲೆ ಎಂದು ನಾನು ಒಪ್ಪುವುದಿಲ್ಲ. ಕಾಯಿಲೆ ನಿಜವಾಗಿ ಇದ್ದರೂ ನೀವು ಪೆಟ್ಟು ತಿಂದುಕೊಂಡು ಅಲ್ಲೇ ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಅವನಿಗೆ ಚಿಕಿತ್ಸೆ, ನಿಮಗೆ ರಕ್ಷಣೆ, ಎರಡನ್ನೂ ಒಟ್ಟಿಗೆ ಕೇಳಬಹುದು. 181 ಮಹಿಳಾ ಸಹಾಯವಾಣಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಅವರ ನಂಬರ್ ಸಿಗುತ್ತದೆ.

ಉಲ್ಟಾ ಕೂಡ ನಡೆಯುತ್ತದೆ. ಪ್ರಶ್ನೆ ಕೇಳಿದ ಸೊಸೆಗೆ, ಪಾಲು ಕೇಳಿದ ಅಕ್ಕನಿಗೆ "ಹುಚ್ಚಿ" ಎಂಬ ಪಟ್ಟ ಕಟ್ಟಿ ಪೊಲೀಸರನ್ನು ಕರೆಸುವುದು. ಅಂಥ ಹೊತ್ತಲ್ಲಿ ನೆನಪಿಡಿ: ಗಂಡನೋ ಮಾವನೋ ಹೇಳಿದ ಮಾತ್ರಕ್ಕೆ ಕಾಯಿಲೆ ಆಗುವುದಿಲ್ಲ, ಪೊಲೀಸರೂ ಅದನ್ನು ತೀರ್ಮಾನಿಸುವಂತಿಲ್ಲ. ಆಸ್ಪತ್ರೆಯಲ್ಲಿ ವೈದ್ಯರ ಹತ್ತಿರ ಒಬ್ಬರೇ ಮಾತಾಡಬೇಕೆಂದು ಕೇಳಿ. ಮೈಮೇಲೆ ಗಾಯ ಇದ್ದರೆ ಅಲ್ಲೇ ತೋರಿಸಿ ಬರೆಸಿ.

ಪೊಲೀಸರು ಒಪ್ಪದಿದ್ದರೆ

"ಇದು ನಮ್ಮ ಕೆಲಸ ಅಲ್ಲ" ಎಂದರೆ ಸೆಕ್ಷನ್ 100 ಎಂದು ಹೆಸರಿಟ್ಟು ಹೇಳಿ, ಠಾಣೆಯ ಸಬ್‌ ಇನ್‌ಸ್ಪೆಕ್ಟರ್ ಹತ್ತಿರ ಮಾತಾಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಒಂದು ಫೋನ್ ಮಾಡಿಸಿದರೆ ಬೇಗ ಕೆಲಸ ಆಗುತ್ತದೆ. ಆಮೇಲಿನ ದಾರಿ ಮ್ಯಾಜಿಸ್ಟ್ರೇಟ್ ಕೋರ್ಟ್. ಸೆಕ್ಷನ್ 102ರಲ್ಲಿ ಅವರು ಪರೀಕ್ಷೆಗಾಗಿ ಆಸ್ಪತ್ರೆಗೆ ಕಳಿಸಲು ಲಿಖಿತ ಆದೇಶ ಕೊಡಬಹುದು, 10 ದಿನದವರೆಗೆ ದಾಖಲಿಸಲೂ ಹೇಳಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿನ 15100ಕ್ಕೆ ಫೋನ್ ಮಾಡಿ, ಅಥವಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಗಲಾಟೆಯಲ್ಲಿ ಪಕ್ಕದವರಿಗೆ ಪೆಟ್ಟಾಗಿ ಎಫ್‌ಐಆರ್ ಆಗಿಬಿಟ್ಟಿದ್ದರೆ ಚಿಕಿತ್ಸೆಯ ಒಂದು ಚೀಟಿಯನ್ನೂ ಕಳೆದುಕೊಳ್ಳಬೇಡಿ. ಕೃತ್ಯದ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಸ್ಥಿತಿಯೇ ಇರಲಿಲ್ಲ ಎಂದು ಕೋರ್ಟಿನಲ್ಲಿ ತೋರಿಸಲು ಅವೇ ಬೇಕು.

ಮನೆಗೆ ಬಂದ ಮೇಲಿನ ವಾರ

ಡಿಸ್ಚಾರ್ಜ್ ಆದವರಿಗೆ ಹತ್ತು ದಿನಕ್ಕೆ ಚೆನ್ನಾಗಿ ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಮನೆಯವರೇ "ಇನ್ನೆಷ್ಟು ದಿನ ಮಾತ್ರೆ, ಕಿಡ್ನಿ ಹೋಗುತ್ತೆ" ಎಂದು ನಿಲ್ಲಿಸುತ್ತಾರೆ. ಮುಂದಿನ ಮಳೆಗಾಲಕ್ಕೆ ಮತ್ತೆ ಜೀಪು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನವರು ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ಕಾಯಿಲೆ) ಇರುವವರನ್ನು ಹಳ್ಳಿಗಳಲ್ಲಿ ಗುರುತಿಸಿ, ಊರಲ್ಲೇ ಚಿಕಿತ್ಸೆ ಕೊಡಿಸಿ, ವರ್ಷಗಟ್ಟಲೆ ಗಮನಿಸಿದ್ದಾರೆ. ಔಷಧಿ ಮುಂದುವರಿಸಿದವರ ದಿನನಿತ್ಯದ ಕೆಲಸ, ಓಡಾಟ ಸುಧಾರಿಸಿದ್ದು ಅಲ್ಲಿ ಕಂಡುಬಂತು. ಹಾಗಾಗಿ ಡೋಸ್ ಕಡಿಮೆ ಮಾಡುವುದೋ ನಿಲ್ಲಿಸುವುದೋ ಡಾಕ್ಟರ್ ಹೇಳಲಿ. ಪ್ರತಿ ತಿಂಗಳು ಶಿವಮೊಗ್ಗಕ್ಕೇ ಓಡಬೇಕಾಗಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಗೊತ್ತಾದ ದಿನ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, ಮಾತ್ರೆ ಉಚಿತ. ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ರೋಗಿ ತಿಳಿಯಾಗಿರುವ ಈ ದಿನಗಳಲ್ಲೇ ಇನ್ನೊಂದು ಕೆಲಸ ಮುಗಿಸಿ. ಮತ್ತೆ ಕಾಯಿಲೆ ಕೆರಳಿದರೆ ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಅವರೇ ಆರಿಸಬಹುದು. ಸೆಕ್ಷನ್ 14ರಲ್ಲಿ ಅದಕ್ಕೆ ಬಿಳಿ ಹಾಳೆ ಸಾಕು, ಸಹಿ ಇಲ್ಲದಿದ್ದರೆ ಹೆಬ್ಬೆಟ್ಟು. ಅಣ್ಣನ ಹೆಸರೇ ಬರೆಯಬೇಕೆಂದು ಒತ್ತಾಯ ಮಾಡಬೇಡಿ, ಗೆಳೆಯನ ಹೆಸರು ಬರೆದರೆ ಗೆಳೆಯನೇ. ಆ ಹಾಳೆಯ ಒಂದು ಜೆರಾಕ್ಸ್, ಔಷಧಿ ಚೀಟಿಯ ಒಂದು ಜೆರಾಕ್ಸ್ ಮಾಡಿಸಿಡಿ. ರೋಗಿ ಒಪ್ಪಿದರೆ ನಿಮ್ಮ ಊರಿನ ಬೀಟ್ ಪೊಲೀಸ್‌ಗೂ ಒಂದು ಮಾತು ತಿಳಿಸಿಡಿ, ಅವರ ನಂಬರ್‌ ಅನ್ನು ಫೋನ್ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಅಮ್ಮನಿಗೆ ಕನ್ನಡಕ ಇಲ್ಲದೆಯೂ ಓದಲು ಬರಬೇಕು.